ಬರೆದದ್ದು ಮರಳಿ ಬರಬೇಕು: ಸಿ ಭಾಷೆಯಲ್ಲಿ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯ ಸ್ಟ್ರಿಂಗ್ ರೂಪ

ಸಿ ಭಾಷೆಯ ಡಬಲ್ ಸಂಖ್ಯೆಯೊಂದನ್ನು ಸ್ಟ್ರಿಂಗ್ ಆಗಿಸಲು ಎಷ್ಟು ಅಂಕಿ ಬೇಕು? ಪ್ರಿಂಟ್‌ಎಫ್ ಇದನ್ನು ಪ್ರೋಗ್ರಾಮರನಿಗೆ ಬಿಡುತ್ತದೆ; ಆತ ಏನೂ ಹೇಳದಿದ್ದರೆ 6 ಎಂದು ತಾನೇ ಹಿಡಿಯುತ್ತದೆ. ಬರೆದ ಸ್ಟ್ರಿಂಗನ್ನು ಓದಿದಾಗ ಅದೇ ಸಂಖ್ಯೆ ಮರಳಬೇಕೆಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಈ 6 ನಿಲ್ಲುವುದಿಲ್ಲ ಎಂಬುದು ಇಲ್ಲಿನ ವಾದ.

ದ್ವಿಮಾನದಲ್ಲಿ 0.1 ಮುಗಿಯದ ಭಿನ್ನರಾಶಿ. ಅದನ್ನು 53 ಬಿಟ್‌ಗಳಿಗೆ ಸರಿಹೊಂದಿಸಿದ ಮೇಲೆ ಮೆಮೊರಿಯಲ್ಲಿ ಉಳಿಯುವ ನಿಖರ ಬೆಲೆ 0.1000000000000000055511151231257827021181583404541015625. ‘%.17ಜಿ’ ಇದನ್ನು 0.10000000000000001 ಎಂದು ಬರೆದಾಗ ಕಂಪ್ಯೂಟರ್ ತಪ್ಪಿತೆಂದು ದೂರುವವರು ಬಹಳ. ಅದು ಇದ್ದುದನ್ನೇ ಹೇಳಿದೆ. ‘%ಎಫ್’ ಮಾತ್ರ 0.0000001 ಅನ್ನು 0.000000 ಎಂದು ಬರೆದು ಸಂಖ್ಯೆಯನ್ನೇ ಅಳಿಸಿಹಾಕುತ್ತದೆ. ನೋಡಲು ಅಚ್ಚುಕಟ್ಟಾಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಯಾವ ಡಬಲ್ಲನ್ನಾದರೂ ಮರಳಿ ಪಡೆಯಲು 17 ಸಾರ್ಥಕ ಅಂಕಿಗಳು ಸಾಕು. ಆದರೆ 0.1ಕ್ಕೆ ಒಂದೇ ಸಾಕಲ್ಲ! ಮರಳಿ ಬರುವ ಅತಿ ಚಿಕ್ಕ ರೂಪವನ್ನು ಹುಡುಕುವ ವಿಧಾನವನ್ನು ಸ್ಟೀಲ್ ಮತ್ತು ವೈಟ್ 1990ರಲ್ಲಿ ಪ್ರಕಟಿಸಿದರು. ಅದಕ್ಕೆ ದೊಡ್ಡ ಪೂರ್ಣಾಂಕಗಳ ಗಣಿತ ಬೇಕಿತ್ತು, ಹಾಗಾಗಿ ನಿಧಾನ. 2010ರಲ್ಲಿ ಫ್ಲೋರಿಯನ್ ಲೋಯಿಟ್ಷ್ ಅವರ ಗ್ರಿಸು 64 ಬಿಟ್ ಪೂರ್ಣಾಂಕಗಳಲ್ಲೇ ಕೆಲಸ ಮುಗಿಸಿತು. ಅದರ ಮೂರನೆಯ ರೂಪ ಸುಮಾರು ಶೇ. 0.5ರಷ್ಟು ಸಂಖ್ಯೆಗಳಲ್ಲಿ ಕೈಚೆಲ್ಲಿ ಹಳೆಯ ವಿಧಾನಕ್ಕೆ ಒಪ್ಪಿಸುತ್ತದೆ. ಉಲ್ಫ್ ಆಡಮ್ಸ್ ಅವರ ರ್ಯೂ (2018) ಆ ಕೊರತೆಯನ್ನೂ ನೀಗಿತು. ಸಿ++ 2017ರ ಮಾನಕದಲ್ಲೇ ಅತಿ ಚಿಕ್ಕ ರೂಪ ಕೊಡುವ ಫಂಕ್ಷನ್ ಸೇರಿಸಿಕೊಂಡಿತು. ಸಿ ಮಾನಕದಲ್ಲಿ ಅದಿಲ್ಲ. ಇದನ್ನು ಲೋಪವೆಂದೇ ಕರೆಯಬೇಕು.

ಇರುವುದರಲ್ಲೇ ಒಂದು ದಾರಿಯುಂಟು: 15, 16, 17 ಅಂಕಿಗಳಲ್ಲಿ ಕ್ರಮವಾಗಿ ಬರೆದು, ಸ್ಟ್ರ್‌ಟುಡಿಯಿಂದ ಓದಿಸಿ, ಮೊದಲು ಹೊಂದಿದ್ದನ್ನು ಉಳಿಸಿಕೊಳ್ಳುವುದು. ಇದು ಸುರಕ್ಷಿತ, ಅತಿ ಚಿಕ್ಕದೇನೂ ಅಲ್ಲ. ಅತಿ ಸಣ್ಣ ಧನ ಡಬಲ್ಲಿಗೆ 5ಇ-324 ಸಾಕಾಗುವಲ್ಲಿ 4.94065645841247ಇ-324 ಸಿಗುತ್ತದೆ.

ಜಾಗದ ಮಾತು ಚಿಕ್ಕದು. ಅತಿ ದೊಡ್ಡ ಡಬಲ್ಲನ್ನು ‘%ಎಫ್’ 316 ಅಕ್ಷರಗಳಲ್ಲಿ ಬರೆಯುತ್ತದೆ. 32 ಬೈಟ್‌ಗಳ ಬಫರ್ ಒಡೆಯುತ್ತದೆ. ಎಸ್‌ಎನ್‌ಪ್ರಿಂಟ್‌ಎಫ್ ಬಳಸಿದರೆ ಬೇಕಾದ ಉದ್ದವನ್ನು ಅದೇ ತಿಳಿಸುತ್ತದೆ.

ಕೊನೆಗೆ ಲೊಕೇಲ್, ಅಂದರೆ ಸಂಖ್ಯೆ ಬರೆಯುವ ಪ್ರಾದೇಶಿಕ ರೂಢಿಯ ಆಯ್ಕೆ. ಜರ್ಮನ್ ಲೊಕೇಲ್ ಆರಿಸಿಕೊಂಡ ಪ್ರೋಗ್ರಾಮ್ 0.1 ಅನ್ನು ‘0,1’ ಎಂದು ಬರೆಯುತ್ತದೆ, ತಾನೇ ಓದಿ ಸರಿಯೆನ್ನುತ್ತದೆ. ಕನ್ನಡ ಲೊಕೇಲಿನಲ್ಲಿ ಚುಕ್ಕಿಯೇ ಇರುವುದರಿಂದ ನಮ್ಮಲ್ಲಿ ಪರೀಕ್ಷಿಸಿದಾಗ ಈ ದೋಷ ಕಾಣುವುದಿಲ್ಲ. ಅಲ್ಪವಿರಾಮದಿಂದ ಅಂಕಣ ಬೇರ್ಪಡಿಸಿದ ಕಡತದಲ್ಲಿ ಮಾತ್ರ ಆ ‘0,1’ ಎರಡು ಸಂಖ್ಯೆ: 0 ಮತ್ತು 1.