ಕಾರಣ ತಿಳಿಯದ ಮುಖದ ಊತ: ಗಂಭೀರ ಕಾಯಿಲೆಗಳನ್ನು ಗುರುತಿಸುವ ಬಗೆ

ಮುಖದ ಊತವು ತಾನೇ ಒಂದು ಕಾಯಿಲೆಯಲ್ಲ. ದೇಹದೊಳಗಿನ ತೊಂದರೆಯ ಲಕ್ಷಣ. ಪೆಟ್ಟು, ಕೀಟದ ಕಡಿತ ಮುಂತಾದ ಸ್ಪಷ್ಟ ಕಾರಣವಿಲ್ಲದೆ ಮುಖ ಊದಿಕೊಂಡಲ್ಲಿ ಅಥವಾ ಊತವು ಮರುಕಳಿಸುತ್ತಿದ್ದಲ್ಲಿ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳುವುದು ಅವಶ್ಯಕ.

ಪ್ರಮುಖ ಕಾರಣಗಳು

1. ಮೂತ್ರಪಿಂಡದ ಕಾಯಿಲೆ: ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊತವಿದ್ದು, ಹಗಲಿನಲ್ಲಿ ಇಳಿಯುತ್ತದೆ. ಮೂತ್ರದಲ್ಲಿ ನೊರೆ ಕಾಣಿಸಬಹುದು ಅಥವಾ ಮೂತ್ರದ ಪ್ರಮಾಣ ಕಡಿಮೆಯಾಗಬಹುದು. ಮಧ್ಯಾಹ್ನದ ವೇಳೆಗೆ ನೀರಿನಂಶವು ಕಾಲಿನ ಕಡೆಗೆ ಇಳಿಯುವುದರಿಂದ ಮುಖ ಸರಿಯಾದಂತೆ ತೋರುತ್ತದೆ. ಇದನ್ನು ಗುಣವಾಯಿತೆಂದು ಭಾವಿಸಬಾರದು. ಮಕ್ಕಳಲ್ಲಿ ಇದನ್ನು ಅಲರ್ಜಿ ಎಂದು ಅಥವಾ ಮಗು ದಪ್ಪವಾಗುತ್ತಿದೆ ಎಂದು ತಪ್ಪಾಗಿ ತಿಳಿಯುವ ಸಂಭವವಿರುತ್ತದೆ.

2. ಗರ್ಭಿಣಿಯರಲ್ಲಿ ಅಧಿಕ ರಕ್ತದೊತ್ತಡ: 20 ವಾರಗಳ ನಂತರ ಮುಖ, ಕೈ ಹಠಾತ್ತಾಗಿ ಊದಿಕೊಂಡು, ತೀವ್ರ ತಲೆನೋವು, ಕಣ್ಣು ಮಂಜಾಗುವಿಕೆ ಅಥವಾ ಮೇಲ್ಹೊಟ್ಟೆಯ ನೋವು ಇದ್ದಲ್ಲಿ ತಾಯಿ ಮತ್ತು ಮಗುವಿಗೆ ಅಪಾಯ. ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು.

3. ಔಷಧಿ ಅಥವಾ ಆಹಾರದ ಅಲರ್ಜಿ: ತುಟಿ, ನಾಲಿಗೆ ಕೆಲವೇ ನಿಮಿಷಗಳಲ್ಲಿ ಊದಿಕೊಳ್ಳಬಹುದು. ರಕ್ತದೊತ್ತಡಕ್ಕೆ ನೀಡುವ ಎನಾಲಾಪ್ರಿಲ್, ರಾಮಿಪ್ರಿಲ್ ಮಾತ್ರೆಗಳಿಂದಲೂ ಇಂತಹ ಊತ ಬರಬಹುದು. ಅವುಗಳನ್ನು ವರ್ಷಗಟ್ಟಲೆ ಸೇವಿಸಿದ ನಂತರವೂ ಇದು ಸಂಭವಿಸಬಹುದು.

4. ಹಲ್ಲು ಅಥವಾ ಕಣ್ಣಿನ ಸುತ್ತಲಿನ ಸೋಂಕು: ಒಂದು ಬದಿಯ ಊತ, ನೋವು, ಜ್ವರ, ಬಾಯಿ ತೆರೆಯಲು ಅಥವಾ ಕಣ್ಣು ಹೊರಳಿಸಲು ಕಷ್ಟ.

5. ಎದೆಯೊಳಗಿನ ದೊಡ್ಡ ರಕ್ತನಾಳದ ಅಡಚಣೆ: ಮುಖ, ಕುತ್ತಿಗೆ ಊದಿಕೊಂಡು, ಬಗ್ಗಿದಾಗ ಅಥವಾ ಮಲಗಿದಾಗ ಹೆಚ್ಚಾಗುತ್ತದೆ, ಎದೆಯ ಮೇಲಿನ ರಕ್ತನಾಳಗಳು ಉಬ್ಬಿ ಕಾಣುತ್ತವೆ. ಶ್ವಾಸಕೋಶದ ಗಡ್ಡೆ ಇದಕ್ಕೆ ಒಂದು ಕಾರಣ.

6. ಥೈರಾಯ್ಡ್ ಕೊರತೆ: ನಿಧಾನವಾಗಿ ಬರುವ ಊತ, ಆಯಾಸ, ಚಳಿ ತಡೆಯಲಾಗದಿರುವುದು, ಮಲಬದ್ಧತೆ.

ತುರ್ತು ಸಂದರ್ಭ

ಉಸಿರಾಟದ ತೊಂದರೆ, ನಾಲಿಗೆಯ ಊತ, ನುಂಗಲು ಕಷ್ಟ, ಧ್ವನಿ ಬದಲಾವಣೆ, ಪ್ರಜ್ಞೆ ತಪ್ಪುವುದು ಅಥವಾ ಗರ್ಭಿಣಿಯರಲ್ಲಿ ಫಿಟ್ಸ್ ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆಮಾಡುವುದು.

ತಪಾಸಣೆ

ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಹಾಗೂ ರಕ್ತದೊತ್ತಡದ ಅಳತೆ ಸರಳವಾದ ಪರೀಕ್ಷೆಗಳಾಗಿದ್ದು, ಮೊದಲ ಹಂತದಲ್ಲಿಯೇ ಹೆಚ್ಚಿನ ಸುಳಿವು ನೀಡುತ್ತವೆ. ಇವುಗಳಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಬರುವಾಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನು, ಗರ್ಭಿಣಿಯರು ತಾಯಿ ಕಾರ್ಡನ್ನು ತರತಕ್ಕದ್ದು. ಬೆಳಿಗ್ಗೆ ತೆಗೆದ ಮುಖದ ಛಾಯಾಚಿತ್ರವಿದ್ದಲ್ಲಿ ವೈದ್ಯರಿಗೆ ಅನುಕೂಲ.

ಸೂಚನೆ: ವೈದ್ಯರ ಸಲಹೆಯಿಲ್ಲದೆ ನೀರಿಳಿಸುವ ಮಾತ್ರೆ, ನೋವಿನ ಮಾತ್ರೆ ಅಥವಾ ಸ್ಟೀರಾಯ್ಡ್ ಸೇವಿಸಬಾರದು. ಇವುಗಳಿಂದ ಊತ ತಾತ್ಕಾಲಿಕವಾಗಿ ಇಳಿದರೂ ಮೂಲ ಕಾಯಿಲೆ ಮುಂದುವರಿಯಬಹುದು.