ಮಜ್ಜೆಯ ಆಕರಕೋಶ: ಪ್ರಯೋಗಾಲಯದ ಬೆಳೆ, ರೋಗಿಯ ಭರವಸೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ರೈತರಿಗೆ ಬೀಜೋತ್ಪಾದನೆ ಹೊಸ ಕಸುಬಲ್ಲ. ಮೂಲ ಬೀಜದಿಂದ ಪ್ರಮಾಣಿತ ಬೀಜ ತೆಗೆಯುವಾಗ ಬೆರಕೆ ಗಿಡಗಳನ್ನು ಕಿತ್ತೆಸೆಯಬೇಕು, ತಳಿಯ ಶುದ್ಧತೆ ಕಾಯಬೇಕು, ಮೊಳಕೆಯ ಪರೀಕ್ಷೆಯಲ್ಲಿ ಗೆಲ್ಲಬೇಕು. ವರದಾ ತೀರದ ಹೊಸರಿತ್ತಿಯ ಹೊಲಗಳಲ್ಲಿ ಸುಲಭವಾಗಿ ಅರ್ಥವಾಗುವ ಈ ಶಿಸ್ತೇ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಮನುಷ್ಯನ ಅಸ್ಥಿಮಜ್ಜೆಯ ಕೋಶಗಳಿಗೂ ಅನ್ವಯವಾಗಿದೆ. ಅಲ್ಲಿ ಬೆಳೆದ ಕೋಶಗಳು ಇಂದು ನಮ್ಮ ದೇಶದಲ್ಲಿ ಪರವಾನಗಿ ಪಡೆದ ಔಷಧ.

ಮಜ್ಜೆಯಲ್ಲಿ ಎರಡು ಬಗೆ

ಅಸ್ಥಿಮಜ್ಜೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಆಕರಕೋಶಗಳಿವೆ. ಮೊದಲನೆಯದು ರಕ್ತವನ್ನು ಹುಟ್ಟಿಸುವ ಬಗೆ. ಇಂತಹ ಕೋಶಗಳಿವೆ ಎಂಬುದಕ್ಕೆ ಕೆನಡಾದ ಟಿಲ್ ಮತ್ತು ಮೆಕಲಕ್ 1961ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಆಧಾರ ಒದಗಿಸಿದರು. ರಕ್ತದ ಕ್ಯಾನ್ಸರಿಗೆ ಮಾಡುವ ಮಜ್ಜೆ ಕಸಿ ನಿಂತಿರುವುದು ಇವುಗಳ ಮೇಲೆ. ಆದರೆ ಇವನ್ನು ದೇಹದ ಹೊರಗೆ ಬೆಳೆಸುವುದು ಕಷ್ಟ. ಸಂಖ್ಯೆಯಲ್ಲಿ ಹೆಚ್ಚುವ ಬದಲು ಬೇಗನೆ ಸಾಧಾರಣ ರಕ್ತಕೋಶಗಳಾಗಿ ಬಿಡುತ್ತವೆ. ಆದುದರಿಂದ ಕಸಿಯಲ್ಲಿ ದಾನಿಯಿಂದ ಪಡೆದುದನ್ನು ಸಾಮಾನ್ಯವಾಗಿ ಹಾಗೆಯೇ ನೀಡಲಾಗುತ್ತದೆ.

ಎರಡನೆಯ ಬಗೆಯನ್ನು ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960–70ರ ದಶಕಗಳಲ್ಲಿ ಗುರುತಿಸಿದರು. ಇವು ಪಾತ್ರೆಯ ತಳಕ್ಕೆ ಅಂಟಿ, ಗುಂಪುಗುಂಪಾಗಿ ಬೆಳೆಯುವ ಕೋಶಗಳು. ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ 1991ರಲ್ಲಿ ಇವನ್ನು ಮೀಸೆಂಕೈಮಲ್ ಆಕರಕೋಶಗಳೆಂದು ಕರೆದರು. ಮೂಳೆ, ಮೃದ್ವಸ್ಥಿ ಮತ್ತು ಕೊಬ್ಬಿನ ಕೋಶಗಳಾಗಿ ಮಾರ್ಪಡಬಲ್ಲ ಇವು ಪ್ರಯೋಗಾಲಯದಲ್ಲಿ ಚೆನ್ನಾಗಿ ವೃದ್ಧಿಯಾಗುತ್ತವೆ.

ಬೆಳೆಸುವ ಬಗೆ

ಆರೋಗ್ಯವಂತ ದಾನಿಯ ಸೊಂಟದ ಮೂಳೆಯಿಂದ ಸೂಜಿಯ ಮೂಲಕ ಸ್ವಲ್ಪ ಮಜ್ಜೆಯನ್ನು ಹೀರಲಾಗುತ್ತದೆ. ಸಾಂದ್ರತೆಯ ವ್ಯತ್ಯಾಸವನ್ನು ಬಳಸಿ ಅದರಿಂದ ಒಂಟಿ ಕೇಂದ್ರದ ಕೋಶಗಳನ್ನು ಬೇರ್ಪಡಿಸುತ್ತಾರೆ. ಇವುಗಳಲ್ಲಿ ನಮಗೆ ಬೇಕಾದ ಕೋಶ ಇರುವುದು ಹತ್ತು ಸಾವಿರಕ್ಕೋ ಒಂದು ಲಕ್ಷಕ್ಕೋ ಒಂದು. ಪೋಷಕ ದ್ರಾವಣವಿರುವ ಪ್ಲಾಸ್ಟಿಕ್ ಪಾತ್ರೆಯಲ್ಲಿ ಹಾಕಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಎರಡು ಮೂರು ದಿನಗಳ ಬಳಿಕ ದ್ರಾವಣ ಬದಲಿಸಿದಾಗ ಅಂಟದ ರಕ್ತಕೋಶಗಳು ತೊಳೆದುಹೋಗುತ್ತವೆ, ಅಂಟಿದವು ಉಳಿಯುತ್ತವೆ. ಹೊಲದಲ್ಲಿ ಕಳೆ ಕೀಳುವ ಕೆಲಸವೇ ಇದು.

ಸುಮಾರು ಎರಡು ವಾರಗಳಲ್ಲಿ ಕೋಶಗಳು ಪಾತ್ರೆಯ ತಳವನ್ನು ಬಹುಮಟ್ಟಿಗೆ ತುಂಬುತ್ತವೆ. ಆಗ ಟ್ರಿಪ್ಸಿನ್ ಎಂಬ ಕಿಣ್ವದಿಂದ ಬಿಡಿಸಿ, ಹೊಸ ಪಾತ್ರೆಗಳಿಗೆ ಹಂಚುತ್ತಾರೆ. ಒಂದು ಕೋಶ ಹತ್ತು ಬಾರಿ ಇಬ್ಬಾಗವಾದರೆ ಸಾವಿರ, ಇಪ್ಪತ್ತು ಬಾರಿಯಾದರೆ ಹತ್ತು ಲಕ್ಷ ಮೀರುತ್ತದೆ. ಆದರೆ ಈ ಗುಣಾಕಾರಕ್ಕೆ ಮಿತಿಯಿದೆ. ಹೆಚ್ಚು ಬಾರಿ ವರ್ಗಾಯಿಸಿದ ಕೋಶಗಳು ಮುದಿಯಾಗಿ ಶಕ್ತಿಗುಂದುತ್ತವೆ, ವರ್ಣತಂತುಗಳಲ್ಲಿ ದೋಷ ಕಾಣಿಸಿಕೊಳ್ಳುವ ಸಂಭವವೂ ಉಂಟು. ಹೀಗಾಗಿ ಆರಂಭದ ತಲೆಮಾರಿನ ಕೋಶಗಳನ್ನೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಮೂಲ ಸಂಗ್ರಹವಾಗಿ ಕಾಪಿಟ್ಟು, ಅದರಿಂದ ಕೆಲಸದ ಸಂಗ್ರಹವನ್ನು ಬೆಳೆಸುತ್ತಾರೆ. ಮೂಲ ಬೀಜ, ಪ್ರಮಾಣಿತ ಬೀಜಗಳ ಕ್ರಮವನ್ನೇ ಇದು ಹೋಲುತ್ತದೆ.

ಬೆಳೆದವು ನಿಜಕ್ಕೂ ಈ ಜಾತಿಯ ಕೋಶಗಳೇ ಎಂಬುದಕ್ಕೆ 2006ರಲ್ಲಿ ಅಂತರರಾಷ್ಟ್ರೀಯ ಕೋಶಚಿಕಿತ್ಸಾ ಸಂಘವು ಕನಿಷ್ಠ ಮಾನದಂಡಗಳನ್ನು ಗೊತ್ತುಪಡಿಸಿತು: ಪ್ಲಾಸ್ಟಿಕ್‌ಗೆ ಅಂಟುವುದು, ಮೇಲ್ಮೈಯಲ್ಲಿ ಸಿಡಿ 73, ಸಿಡಿ 90, ಸಿಡಿ 105 ಗುರುತುಗಳಿರುವುದು, ರಕ್ತಕೋಶಗಳ ಗುರುತುಗಳಿಲ್ಲದಿರುವುದು, ಮೂಳೆ–ಕೊಬ್ಬು–ಮೃದ್ವಸ್ಥಿಯಾಗಬಲ್ಲ ಸಾಮರ್ಥ್ಯ. ಜತೆಗೆ ಬ್ಯಾಕ್ಟೀರಿಯಾ, ಶಿಲೀಂಧ್ರ, ಮೈಕೋಪ್ಲಾಸ್ಮಾಗಳ ಸೋಂಕಿಲ್ಲವೆಂಬ ಪರೀಕ್ಷೆಯೂ ಕಡ್ಡಾಯ.

ಬೆಂಗಳೂರಿನ ಸಾಧನೆ

ಮಣಿಪಾಲ ಸಮೂಹದ ಸ್ಟೆಂಪ್ಯೂಟಿಕ್ಸ್ ಸಂಸ್ಥೆ 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಒಬ್ಬರಿಗಿಂತ ಹೆಚ್ಚು ವಯಸ್ಕ ದಾನಿಗಳ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ಕೂಡಿಸಿ ಅದು ಸಿದ್ಧಪಡಿಸಿದ ‘ಸ್ಟೆಂಪ್ಯೂಸೆಲ್’ಗೆ 2016ರಲ್ಲಿ ಭಾರತದ ಔಷಧ ಮಹಾನಿಯಂತ್ರಕರು ಷರತ್ತುಬದ್ಧ ಅನುಮತಿ ನೀಡಿದರು, 2020ರಲ್ಲಿ ಪೂರ್ಣ ಅನುಮತಿ ದೊರೆಯಿತು. ಇದರ ಗುರಿ ಬರ್ಗರ್ ಕಾಯಿಲೆಯಿಂದ ಕಾಲಿನ ರಕ್ತಸಂಚಾರ ತೀವ್ರವಾಗಿ ಕುಂದಿದ ರೋಗಿಗಳು. 2022ರಲ್ಲಿ ಮಂಡಿಯ ಸಂಧಿವಾತಕ್ಕೂ ಪರವಾನಗಿ ಲಭಿಸಿತು.

ಬರ್ಗರ್ ಕಾಯಿಲೆ ಬಹುತೇಕ ಬೀಡಿ, ಸಿಗರೇಟು ಸೇದುವ, ಐವತ್ತು ದಾಟದ ಗಂಡಸರನ್ನು ಹಿಡಿಯುತ್ತದೆ. ಕೈಕಾಲಿನ ಸಣ್ಣ ಮತ್ತು ಮಧ್ಯಮ ಗಾತ್ರದ ರಕ್ತನಾಳಗಳು ಉರಿಯೂತದಿಂದ ಮುಚ್ಚಿಕೊಂಡು, ಬೆರಳು ಕಪ್ಪಾಗಿ, ಮಾಯದ ಹುಣ್ಣಾಗಿ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು. ದುಡಿಯುವ ವಯಸ್ಸಿನ ಕೂಲಿಕಾರನ ಕಾಲು ಹೋದರೆ ಮನೆಯ ಅನ್ನವೇ ಹೋದಂತೆ. ದೇಹತೂಕದ ಪ್ರತಿ ಕಿಲೋಗೆ 20 ಲಕ್ಷ ಕೋಶಗಳಂತೆ, ಅಂದರೆ 60 ಕಿಲೋ ತೂಕದವರಿಗೆ 12 ಕೋಟಿ ಕೋಶಗಳನ್ನು, ಮೀನಖಂಡದ ಸ್ನಾಯುವಿಗೂ ಹುಣ್ಣಿನ ಸುತ್ತಲೂ ಚುಚ್ಚುತ್ತಾರೆ. ಈ ಕೋಶಗಳು ತಾವೇ ರಕ್ತನಾಳಗಳಾಗುವುದಕ್ಕಿಂತ ಹೆಚ್ಚಾಗಿ, ತಾವು ಸ್ರವಿಸುವ ವಸ್ತುಗಳಿಂದ ಹೊಸ ನಾಳಗಳ ಬೆಳವಣಿಗೆಯನ್ನು ಪ್ರಚೋದಿಸಿ ಉರಿಯೂತವನ್ನು ತಗ್ಗಿಸುತ್ತವೆ. ಆದರೆ ಹೊಗೆ ಬಿಡದವನಿಗೆ ಯಾವ ಚಿಕಿತ್ಸೆಯೂ ನೆಲೆಯಾಗದು. ತಂಬಾಕು ತ್ಯಜಿಸಲು ರಾಷ್ಟ್ರೀಯ ಸಹಾಯವಾಣಿ 1800–11–2356.

ಎಚ್ಚರಿಕೆಯ ಮಾತು

ಒಂದೆರಡು ಕಾಯಿಲೆಗಳಿಗೆ ಅನುಮತಿ ದೊರೆತ ಮಾತ್ರಕ್ಕೆ ಆಕರಕೋಶವು ಸರ್ವರೋಗ ಸಂಜೀವಿನಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2007ರ ತನ್ನ ಮಾರ್ಗಸೂಚಿಯ ಹೆಸರಿನಲ್ಲಿದ್ದ ‘ಚಿಕಿತ್ಸೆ’ ಎಂಬ ಪದವನ್ನು 2013ರ ಆವೃತ್ತಿಯಲ್ಲಿ ಕೈಬಿಟ್ಟು, ‘ಸಂಶೋಧನೆ’ ಎಂಬುದನ್ನಷ್ಟೇ ಉಳಿಸಿತು. 2019ರ ಹೊಸ ಔಷಧಗಳ ನಿಯಮಾವಳಿಯ ಪ್ರಕಾರ ಆಕರಕೋಶದಿಂದ ತಯಾರಿಸಿದ ಉತ್ಪನ್ನವು ಹೊಸ ಔಷಧವೇ. ಆಟಿಸಂಗೆ ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ಆದರೂ ಲಕ್ಷಾಂತರ ರೂಪಾಯಿ ಪಡೆದು ಭರವಸೆ ಮಾರುವವರಿದ್ದಾರೆ. ಹೊಲ ಅಡವಿಟ್ಟು ಹಣ ತರುವ ಕುಟುಂಬಗಳಿಗೆ ಅಪಾಯವಿರುವುದು ಇಲ್ಲೇ.

ಯಾರಾದರೂ ಆಕರಕೋಶ ಚಿಕಿತ್ಸೆಯನ್ನು ಸೂಚಿಸಿದರೆ ಮೂರು ಪ್ರಶ್ನೆ ಕೇಳಬೇಕು: ಈ ಕಾಯಿಲೆಗೆ ಈ ಉತ್ಪನ್ನಕ್ಕೆ ಔಷಧ ಮಹಾನಿಯಂತ್ರಕರ ಅನುಮತಿ ಇದೆಯೇ? ಪ್ರಯೋಗವೆಂದಾದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ದಾಖಲಾಗಿದೆಯೇ? ಪ್ರಯೋಗದ ಹೆಸರಿನಲ್ಲಿ ಹಣ ಕೇಳುತ್ತಿರುವುದೇಕೆ? ಚೀಲದ ಮೇಲೆ ಪ್ರಮಾಣಪತ್ರದ ಚೀಟಿ ಇಲ್ಲದ ಬೀಜವನ್ನು ಕೊಳ್ಳಲು ನಮ್ಮ ರೈತ ಹಿಂಜರಿಯುತ್ತಾನೆ. ಮೈಗೆ ಸೇರುವ ಕೋಶದ ವಿಷಯದಲ್ಲೂ ಅಷ್ಟೇ ಜಾಗರೂಕತೆ ಬೇಕು.