ಬಾಟಲಿ ಹಾಲು ಕುಡಿಯೋ ಎಳೆಗರುವಿಗೆ ಭೇದಿ ಹಿಡಿದ್ರೆ ಏನು ಮಾಡ್ಬೇಕು? ಹೈನುಗಾರರಿಗೆ ಪೂರ್ತಿ ಮಾಹಿತಿ

ನಲ್ಲೂರು (ಚನ್ನಗಿರಿ): ಹುಟ್ಟಿದ ಮೊದಲ ಎರಡು ಮೂರು ವಾರ ಕರುವಿನ ಪಾಲಿಗೆ ಗಂಡಾಂತರದ ದಿನಗಳು. ಅದರಲ್ಲೂ ತಾಯಿ ಕೆಚ್ಚಲಿಗೆ ಬಾಯಿ ಹಾಕದೆ ಬಾಟಲಿಯಲ್ಲಿ ಹಾಲು ಕುಡಿದು ಬೆಳೆಯೋ ಕರುವಿಗೆ ಅಪಾಯ ಇನ್ನೂ ಜಾಸ್ತಿ. ತಾಯಿ ಹಸು ಸತ್ತಿರಬಹುದು, ಕೆಚ್ಚಲು ಬಾವು ಆಗಿರಬಹುದು, ಹಾಲು ಜ್ವರ ಬಂದು ಮೇಲೇಳದೆ ಇರಬಹುದು, ಇಲ್ಲಾ ಮೊದಲ ಸೂಲಿನ ಹಸು ಕರುವನ್ನ ಹತ್ತಿರ ಸೇರಿಸದೆ ಒದೀತಿರಬಹುದು. ಕಾರಣ ಏನೇ ಇರಲಿ, ಬಾಟಲಿ ಹಿಡಿದ ಮೇಲೆ ತಾಯಿ ಮಾಡೋ ಕೆಲಸವನ್ನೆಲ್ಲ ಮನೆಯವರೇ ಮಾಡಬೇಕು.

ಅಡಿಕೆ, ಮೆಕ್ಕೆಜೋಳ, ಭತ್ತದ ಜೊತೆಗೆ ಒಂದೆರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕೋ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಸಾಕಷ್ಟಿವೆ. ಅಂಗಡಿ ಇಟ್ಟುಕೊಂಡವರ ಹಿತ್ತಲಲ್ಲೂ ಒಂದು ಹಸು ಇರುತ್ತೆ. ಇವತ್ತಿನ ಹೆಣ್ಣುಗರು ಎರಡೂವರೆ ಮೂರು ವರ್ಷಕ್ಕೆ ಹಾಲು ಕೊಡೋ ಹಸು. ಅದು ಭೇದಿ ಹಿಡಿದು ಎರಡೇ ದಿನದಲ್ಲಿ ಹೋದ್ರೆ ನಷ್ಟ ಸಣ್ಣದಲ್ಲ. ಸಮಾಧಾನದ ವಿಷಯ ಅಂದ್ರೆ, ಮೊದಲ ದಿನವೇ ಎಚ್ಚೆತ್ತುಕೊಂಡರೆ ಹೆಚ್ಚಿನ ಕರುಗಳನ್ನ ಉಳಿಸಿಕೊಳ್ಳಬಹುದು.

ಮೊದಲ ಔಷಧಿ ಗಿಣ್ಣದ ಹಾಲು

ಮನುಷ್ಯರ ಮಗು ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ರೋಗ ತಡೆಯೋ ಶಕ್ತಿ ಪಡೆದುಕೊಂಡು ಹುಟ್ಟುತ್ತೆ. ಕರುವಿಗೆ ಆ ಭಾಗ್ಯ ಇಲ್ಲ. ಹಸುವಿನ ಮಾಸಿನ ಮೂಲಕ ಆ ಶಕ್ತಿ ಕರುವಿಗೆ ದಾಟೋದಿಲ್ಲ. ಅದು ಸಿಗೋದು ಗಿಣ್ಣದ ಹಾಲಿನಿಂದ ಮಾತ್ರ. ಅದಕ್ಕೂ ಸಮಯ ಇದೆ. ಹುಟ್ಟಿದ ಮೊದಲ ಕೆಲವು ಗಂಟೆ ಕರುವಿನ ಕರುಳು ಆ ಶಕ್ತಿಯನ್ನ ಚೆನ್ನಾಗಿ ಹೀರಿಕೊಳ್ಳುತ್ತೆ. ಆಮೇಲೆ ಗಂಟೆ ಗಂಟೆಗೂ ಕಮ್ಮಿ ಆಗ್ತಾ ಬಂದು, 24 ಗಂಟೆ ಹೊತ್ತಿಗೆ ಬಾಗಿಲು ಮುಚ್ಚಿದ ಹಾಗೆ.

- ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ ಗಿಣ್ಣದ ಹಾಲು ಕುಡಿಸಬೇಕು.
- ಮೊದಲ ದಿನದ ಒಟ್ಟು ಅಳತೆ ಕರುವಿನ ತೂಕದ ಹತ್ತನೇ ಒಂದು ಭಾಗಕ್ಕೆ ಕಮ್ಮಿ ಇರಬಾರದು. 30 ಕೆ.ಜಿ. ಇರೋ ಮಿಶ್ರತಳಿ ಕರುವಿಗೆ 3 ಲೀಟರ್, 15 ಕೆ.ಜಿ. ಇರೋ ನಾಟಿ ಕರುವಿಗೆ ಒಂದೂವರೆ ಲೀಟರ್.
- ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಆರು ಗಂಟೆಯಲ್ಲೇ ಹೊಟ್ಟೆಗೆ ಹೋಗಬೇಕು.
- ಗಿಣ್ಣದ ಹಾಲನ್ನ ಕುದಿಸಬಾರದು. ಕುದಿಸಿದರೆ ಒಡೆದು ಗಟ್ಟಿಯಾಗುತ್ತೆ, ಒಳಗಿನ ರೋಗ ತಡೆಯೋ ಗುಣವೂ ಹೋಗುತ್ತೆ.

ಹಸು ಈದ ಮನೆಯಿಂದ ಅಕ್ಕಪಕ್ಕಕ್ಕೆ ಗಿಣ್ಣು ಹಂಚೋದು ನಮ್ಮ ಕಡೆ ಪದ್ಧತಿ. ಹಂಚಲಿ, ತಪ್ಪಿಲ್ಲ. ಆದ್ರೆ ಮೊದಲ ಹಿಂಡಿದ ಹಾಲು ಕರುವಿನ ಪಾಲು. ಕರು ಹೊಟ್ಟೆ ತುಂಬಿದ ಮೇಲೆ ಉಳಿದಿದ್ದಷ್ಟೇ ಗಿಣ್ಣಿನ ಪಾತ್ರೆಗೆ. ಹೇಗೂ ಈ ಹಾಲನ್ನ ಡೈರಿಗೆ ಹಾಕೋಕೆ ಬರೋದಿಲ್ಲ, ಹಾಗಾಗಿ ಕರುವಿಗೆ ಕೊಟ್ಟರೆ ಯಾವ ನಷ್ಟವೂ ಇಲ್ಲ. ಗಂಡುಗರು ಅಂತ ಅಸಡ್ಡೆ ಮಾಡೋದೂ ಸರಿಯಲ್ಲ. ಒಂದು ಕರುವಿಗೆ ಬಂದ ಭೇದಿ ಕೊಟ್ಟಿಗೆಯ ಉಳಿದ ಕರುಗಳಿಗೂ ಹರಡುತ್ತೆ.

ತಾಯಿ ಸತ್ತಿದ್ರೆ, ಅದೇ ಊರಲ್ಲಿ ಅವತ್ತು ಈದ ಬೇರೆ ಹಸುವಿನ ಗಿಣ್ಣದ ಹಾಲು ಕೇಳಿ ತಂದು ಕೊಡಬಹುದು. ಕೆಚ್ಚಲು ಬಾವು ಇರೋ ಹಸುವಿನದ್ದು, ಕಂದು ಹಾಕಿದ ಹಸುವಿನದ್ದು ಬೇಡ. ಹೆಚ್ಚಿಗೆ ಸಿಕ್ಕಿದ್ರೆ ಶುದ್ಧವಾದ ಬಾಟಲಿಯಲ್ಲಿ ತುಂಬಿ ಮುಚ್ಚಿ ಫ್ರೀಜರ್‌ನಲ್ಲಿ ಇಟ್ಟುಕೊಂಡರೆ ತಿಂಗಳುಗಟ್ಟಲೆ ಇರುತ್ತೆ. ಬೇಕಾದಾಗ ಬಾಟಲಿಯನ್ನ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಬೇಕು, ಒಲೆ ಮೇಲೆ ಇಡಬಾರದು. ಹಾಲಿಗೆ ಕೋಳಿಮೊಟ್ಟೆ ಕದಡಿ ಕೊಡೋದು ಕೆಲವರ ರೂಢಿ. ಅದರಿಂದ ಪೌಷ್ಟಿಕಾಂಶ ಸಿಗಬಹುದೇ ಹೊರತು ಗಿಣ್ಣದ ಹಾಲಿನ ರೋಗ ತಡೆಯೋ ಶಕ್ತಿ ಸಿಗಲ್ಲ.

ಬಾಟಲಿ ಹಿಡಿಯೋದರಲ್ಲೇ ಅರ್ಧ ಆರೋಗ್ಯ

ಕರು ಚೀಪಿ ಕುಡಿದಾಗ ಹಾಲು ಮೊದಲ ಹೊಟ್ಟೆಗೆ ಬೀಳದೆ ನೇರವಾಗಿ ನಾಲ್ಕನೇ ಹೊಟ್ಟೆಗೆ ಹೋಗುತ್ತೆ. ಅಲ್ಲಿ ಮೊಸರಿನಂತೆ ಗಟ್ಟಿಯಾಗಿ ನಿಧಾನಕ್ಕೆ ಅರಗುತ್ತೆ. ಬಾಯಿಗೆ ಸುರಿದರೆ ಈ ದಾರಿ ಸರಿಯಾಗಿ ತೆರೆಯದೆ ಹಾಲು ಮೊದಲ ಹೊಟ್ಟೆಯಲ್ಲಿ ನಿಂತು ಹುಳಿಯುತ್ತೆ. ಹೊಟ್ಟೆ ಉಬ್ಬರ, ಜೇಡಿಮಣ್ಣಿನಂಥ ಸೆಗಣಿ ಶುರುವಾಗುತ್ತೆ.

- ಕರು ನಿಂತಿರಬೇಕು, ಇಲ್ಲಾ ಎದೆ ಮೇಲೆ ನೆಟ್ಟಗೆ ಕೂತಿರಬೇಕು. ಪಕ್ಕಕ್ಕೆ ಮಲಗಿದ ಕರುವಿಗೆ ಕುಡಿಸಬಾರದು.
- ಬಾಟಲಿ ತಾಯಿ ಕೆಚ್ಚಲಿನ ಎತ್ತರಕ್ಕಿರಲಿ. ಕತ್ತು ಮೇಲಕ್ಕೆ ಎತ್ತಿ ಹಿಡಿದು ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ.
- ಬಾಟಲಿ ತಲೆಕೆಳಗು ಮಾಡಿದಾಗ ನಿಪ್ಪಲ್‌ನಿಂದ ಹಾಲು ಹನಿ ಹನಿಯಾಗಿ ಬೀಳಬೇಕು. ಬೇಗ ಮುಗಿಯಲಿ ಅಂತ ತೂತು ದೊಡ್ಡದು ಮಾಡಬೇಡಿ.
- ಹಾಲು ಕರುವಿನ ಮೈ ಬಿಸಿಯಷ್ಟೇ, ಅಂದ್ರೆ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರಲಿ. ಒಂದು ಹೊತ್ತು ಬಿಸಿ, ಇನ್ನೊಂದು ಹೊತ್ತು ತಣ್ಣಗೆ ಆಗಬಾರದು.
- ದಿನಕ್ಕೆ ತೂಕದ ಹತ್ತನೇ ಒಂದು ಭಾಗ ಹಾಲನ್ನ ಮೂರು ಹೊತ್ತಿಗೆ ಹಂಚಿ, ದಿನವೂ ಅದೇ ಸಮಯಕ್ಕೆ ಕೊಡಿ.
- ಪ್ರತಿ ಸಲ ಬಾಟಲಿ, ನಿಪ್ಪಲ್ ಬಿಚ್ಚಿ ತೊಳೆಯಬೇಕು. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಸೋಪಿನ ಬಿಸಿನೀರು ಹಾಕಿ ಬ್ರಷ್‌ನಿಂದ ಉಜ್ಜಿ, ಕೊನೆಗೆ ಕವುಚಿ ಒಣಗಿಸಬೇಕು. ಹಳೇ ತಂಪು ಪಾನೀಯದ ಬಾಟಲಿ ಬಳಸೋರು ಒಳಗೆ ಜಿಡ್ಡು ಕಟ್ಟಿದ್ರೆ ಅದನ್ನ ಎಸೆದುಬಿಡಿ.

ಹುಟ್ಟಿದ ತಕ್ಷಣ ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚೋದು ಮರೆಯಬಾರದು. ಮೇಲೆ ಸವರಿದರೆ ಸಾಲದು, ಸಣ್ಣ ಲೋಟದಲ್ಲಿ ಔಷಧಿ ಹಾಕಿ ಬಳ್ಳಿಯನ್ನ ಪೂರ್ತಿ ಅದ್ದಬೇಕು. ಒಣಗೋವರೆಗೂ ಎರಡು ಮೂರು ದಿನ ಮುಂದುವರಿಸಿ.

ಯಾವ ವಯಸ್ಸಿಗೆ ಯಾವ ಭೇದಿ?

ಕರು ಹುಟ್ಟಿ ಎಷ್ಟು ದಿನ ಆಯ್ತು ಅನ್ನೋದು ಡಾಕ್ಟರಿಗೆ ದೊಡ್ಡ ಸುಳಿವು.

- 1ರಿಂದ 4 ದಿನ: ನೀರಿನಂಥ, ಹಳದಿ ಇಲ್ಲಾ ಬಿಳಿ ಭೇದಿ. ಇ-ಕೋಲಿ ಬ್ಯಾಕ್ಟೀರಿಯಾ ಇರಬಹುದು. ಕೆಲವೇ ಗಂಟೆಯಲ್ಲಿ ಕರು ಕುಸಿಯುತ್ತೆ.
- 5ರಿಂದ 15 ದಿನ: ರೋಟಾ, ಕೊರೊನಾ ಜಾತಿಯ ವೈರಸ್‌ಗಳು. ಇದು ಹಸುಗಳ ಕೊರೊನಾ, ಮನುಷ್ಯರ ಕೋವಿಡ್ ಅಲ್ಲ. ಕ್ರಿಪ್ಟೊಸ್ಪೊರಿಡಿಯಂ ಅನ್ನೋ ಪರೋಪಜೀವಿಯೂ ಇದೇ ಹೊತ್ತಿಗೆ ಕಾಣಿಸುತ್ತೆ.
- ಎರಡು ವಾರದ ಮೇಲೆ: ಜಂತುಹುಳು. ಎಮ್ಮೆ ಕರುಗಳಲ್ಲಿ ಹೆಚ್ಚು. ತಾಯಿ ಹಾಲಿನ ಮೂಲಕವೇ ಮರಿಹುಳು ಕರುವಿನ ಹೊಟ್ಟೆ ಸೇರುತ್ತೆ. ಸೆಗಣಿ ಬೂದಿ ಬಣ್ಣ, ಕೆಟ್ಟ ವಾಸನೆ.
- ಮೂರು ವಾರದ ಮೇಲೆ: ರಕ್ತ ಮಿಶ್ರಿತ ಭೇದಿ, ಮುಕ್ಕೋದು ಇದ್ದರೆ ಕಾಕ್ಸಿಡಿಯಾ ಇರಬಹುದು.

ಬರೀ ಬಣ್ಣ ನೋಡಿ ಇದೇ ರೋಗ ಅಂತ ಹೇಳೋಕಾಗಲ್ಲ. ಕೊಟ್ಟಿಗೆಯಲ್ಲಿ ಒಂದರ ಹಿಂದೆ ಒಂದು ಕರುವಿಗೆ ಭೇದಿ ಬರ್ತಿದ್ರೆ ಸೆಗಣಿ ಪರೀಕ್ಷೆ ಮಾಡಿಸೋದು ಒಳ್ಳೇದು. ಪಕ್ಕದ ಶಿವಮೊಗ್ಗದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜು ಇದೆ. ಸ್ಥಳೀಯ ಡಾಕ್ಟರ ಸಲಹೆ ಪಡೆದು ಮುಂದುವರಿಯಿರಿ.

ಕೊಲ್ಲೋದು ನೀರು ಬತ್ತೋದು

ಭೇದಿ ಹಿಡಿದ ಕರು ಸಾಯೋದು ಹೆಚ್ಚಾಗಿ ಮೈಯಲ್ಲಿನ ನೀರು, ಲವಣ ಕಳೆದುಕೊಂಡು. ಎಷ್ಟು ನೀರು ಬತ್ತಿದೆ ಅಂತ ಮನೆಯಲ್ಲೇ ನೋಡಬಹುದು.

- ಕತ್ತಿನ ಚರ್ಮ ಚಿವುಟಿ ಬಿಡಿ. ತಕ್ಷಣ ಸರಿಹೋದ್ರೆ ಪರವಾಗಿಲ್ಲ. ಎರಡು ಸೆಕೆಂಡಿಗಿಂತ ಹೆಚ್ಚು ಮಡಿಕೆ ಹಾಗೇ ನಿಂತರೆ ನೀರು ಬತ್ತಿದೆ. ಆರು ಸೆಕೆಂಡ್ ದಾಟಿದ್ರೆ ಪರಿಸ್ಥಿತಿ ಗಂಭೀರ.
- ಕಣ್ಣು ಗುಳಿ ಬಿದ್ದಿದೆಯಾ ನೋಡಿ.
- ಶುದ್ಧ ಬೆರಳನ್ನ ಬಾಯೊಳಗೆ ಇಡಿ. ಗಟ್ಟಿಯಾಗಿ ಚೀಪಿದ್ರೆ ಬಾಯಿಂದಲೇ ನೀರು ಕೊಡಬಹುದು. ಚೀಪದೆ ಇದ್ದು, ಬಾಯಿ ತಣ್ಣಗಿದ್ರೆ ಡ್ರಿಪ್ ಬೇಕು.
- ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಕರುವಿಗೆ 101.5ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಸಾಮಾನ್ಯ. 104 ದಾಟಿದ್ರೆ ಜ್ವರ. 100ಕ್ಕಿಂತ ಕಮ್ಮಿ ಆದ್ರೆ ಜ್ವರಕ್ಕಿಂತಲೂ ಅಪಾಯ.

ಡಾಕ್ಟರ್ ಬರೋವರೆಗೆ ಏನು ಕೊಡಬೇಕು?

ಲೆಕ್ಕ ಸುಲಭ. 30 ಕೆ.ಜಿ. ಕರು ತೂಕದ ಶೇ. 8ರಷ್ಟು ನೀರು ಕಳೆದುಕೊಂಡಿದ್ರೆ ಸುಮಾರು 2.4 ಲೀಟರ್ ಕೊರತೆ. ಭೇದಿ ನಿಂತಿರಲ್ಲ, ಆದ್ದರಿಂದ ಹೋಗ್ತಾ ಇರೋದನ್ನೂ ತುಂಬಬೇಕು. ಹೀಗಾಗಿ ಹಾಲನ್ನ ಬಿಟ್ಟು, ಹೆಚ್ಚುವರಿಯಾಗಿ ದಿನಕ್ಕೆ 2ರಿಂದ 4 ಲೀಟರ್ ಲವಣದ ನೀರು ಬೇಕಾಗುತ್ತೆ. ಅರ್ಧ ಲೀಟರಿನಂತೆ ಹಲವು ಸಲ ಕೊಡಿ.

ಪಶು ಔಷಧಿ ಅಂಗಡಿಯಲ್ಲಿ ಕರುಗಳಿಗಂತಲೇ ಬರೋ ಎಲೆಕ್ಟ್ರೋಲೈಟ್ ಪುಡಿ ಸಿಕ್ಕಿದ್ರೆ ಅದೇ ಉತ್ತಮ. ರಾತ್ರಿ ಹೊತ್ತು ಸಿಗಲಿಲ್ಲ ಅಂದ್ರೆ ಮನುಷ್ಯರ ಓಆರ್‌ಎಸ್ ಪ್ಯಾಕೆಟ್ ಅನ್ನ ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ತಾತ್ಕಾಲಿಕವಾಗಿ ಕೊಡಬಹುದು. 1 ಲೀಟರಿನ ಪ್ಯಾಕೆಟ್‌ಗೆ 1 ಲೀಟರ್ ಕುದಿಸಿ ಆರಿಸಿದ ಬೆಚ್ಚಗಿನ ನೀರು. ದಪ್ಪಗೆ ಕಲಸಿದರೆ ಭೇದಿ ಇನ್ನೂ ಹೆಚ್ಚುತ್ತೆ.

ಈ ನೀರನ್ನ ಹಾಲಿಗೆ ಬೆರೆಸಬೇಡಿ. ಬೆರೆಸಿದರೆ ಹಾಲು ಹೊಟ್ಟೆಯಲ್ಲಿ ಸರಿಯಾಗಿ ಗಟ್ಟಿಯಾಗಲ್ಲ. ಹಾಲು ಕೊಟ್ಟು ಎರಡು ಗಂಟೆ ಬಿಟ್ಟು ಲವಣದ ನೀರು ಕೊಡಿ.

ಮೈ ತಣ್ಣಗಿರೋ ಕರುವನ್ನ ಮೊದಲು ಬೆಚ್ಚಗೆ ಮಾಡಿ. ಒಣ ಭತ್ತದ ಹುಲ್ಲು ದಪ್ಪಗೆ ಹಾಸಿ, ಮೇಲೆ ಗೋಣಿಚೀಲ ಹೊದಿಸಿ, ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ.

ಮಾಡಬಾರದ ಕೆಲಸಗಳು

ಹಾಲು ನಿಲ್ಲಿಸೋದು: ಹಾಲು ಕೊಟ್ಟರೆ ಭೇದಿ ಜಾಸ್ತಿ ಆಗುತ್ತೆ ಅನ್ನೋ ನಂಬಿಕೆ ಇದೆ. ಲವಣದ ನೀರಿನಲ್ಲಿ ಕರುವಿಗೆ ಸಾಲುವಷ್ಟು ಆಹಾರ ಇರಲ್ಲ. ಹಾಲು ಪೂರ್ತಿ ನಿಲ್ಲಿಸಿದರೆ ಕರು ಹಸಿವಿನಿಂದಲೇ ಸೊರಗುತ್ತೆ. ಚೀಪೋ ಕರುವಿಗೆ ಸ್ವಲ್ಪ ಸ್ವಲ್ಪವೇ ಹೆಚ್ಚು ಸಲ ಕೊಡಿ.

ಸಕ್ಕರೆ, ಬೆಲ್ಲದ ನೀರು: ಎಳೆಗರುವಿನ ಕರುಳಿಗೆ ಸಕ್ಕರೆ ಅರಗಿಸೋ ಶಕ್ತಿ ಇಲ್ಲ. ಅರಗದ ಸಕ್ಕರೆ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸುತ್ತೆ. ಗ್ಲೂಕೋಸ್ ಆಗುತ್ತೆ, ಸಕ್ಕರೆ ಆಗಲ್ಲ.

ಅಕ್ಕಿ ಗಂಜಿ, ರಾಗಿ ಗಂಜಿ: ಮೊದಲ ವಾರಗಳಲ್ಲಿ ಇದೂ ಸರಿಯಾಗಿ ಅರಗಲ್ಲ. ಹಾಲು ಉಳಿಸೋಕೆ ಅಂತ ಗಂಜಿ ಬೆರೆಸಿದ್ರೆ ಹೊಟ್ಟೆ ಕೆಡುತ್ತೆ.

ಗೊಟ್ಟದಲ್ಲಿ ಹಾಕೋದು: ಚೀಪೋ ಶಕ್ತಿ ಇಲ್ಲದ ಕರುವಿಗೆ ಗೊಟ್ಟದಲ್ಲಿ ನೀರು, ಕಷಾಯ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತೆ. ಅಂಥ ಕರುವಿಗೆ ಡಾಕ್ಟರ್ ಟ್ಯೂಬ್ ಇಲ್ಲಾ ಡ್ರಿಪ್ ಹಾಕಬೇಕು.

ಮನುಷ್ಯರ ಭೇದಿ ಮಾತ್ರೆ: ಕರುಳಿನ ಚಲನೆ ನಿಂತು ವಿಷ ಒಳಗೇ ಉಳಿಯುತ್ತೆ. ಭೇದಿ ನಿಂತಂಗೆ ಕಾಣುತ್ತೆ, ಕರು ಮಾತ್ರ ಚೇತರಿಸಿಕೊಳ್ಳಲ್ಲ.

ಮೆಡಿಕಲ್ ಅಂಗಡಿಯವರ ಗಮನಕ್ಕೆ

ಕರು ಭೇದಿ ಅಂತ ಬಂದವರಿಗೆ ಆ್ಯಂಟಿಬಯೋಟಿಕ್ ಕೊಟ್ಟು ಕಳಿಸೋದು ಸರಿಯಲ್ಲ. ಚೀಟಿ ಇಲ್ಲದೆ ಮಾರೋದಕ್ಕೆ ಕಾನೂನಿನಲ್ಲೂ ಅವಕಾಶ ಇಲ್ಲ. ವೈರಸ್, ಪರೋಪಜೀವಿಯಿಂದ ಬಂದ ಭೇದಿಗೆ ಅದು ಕೆಲಸವನ್ನೇ ಮಾಡಲ್ಲ. ಕೊಲಿಸ್ಟಿನ್ ಅನ್ನೋ ಔಷಧಿಯನ್ನ ಹಾಲು, ಮಾಂಸ ಕೊಡೋ ಜಾನುವಾರು ಮತ್ತು ಕೋಳಿಗಳಿಗೆ ಬಳಸೋದನ್ನ ಕೇಂದ್ರ ಸರ್ಕಾರ ಜುಲೈ 2019ರಲ್ಲೇ ನಿಷೇಧಿಸಿದೆ. ಓಆರ್‌ಎಸ್, ಟಿಂಚರ್ ಅಯೋಡಿನ್, ಥರ್ಮಾಮೀಟರ್, ಕರು ನಿಪ್ಪಲ್ ಸ್ಟಾಕ್ ಇಟ್ಟುಕೊಂಡು, ಡಾಕ್ಟರ್ ಹತ್ರ ಹೋಗಿ ಅಂತ ಒಂದು ಮಾತು ಹೇಳಿದ್ರೆ ಅದೇ ದೊಡ್ಡ ಉಪಕಾರ.

ಭೇದಿ ಅಲ್ಲದ ಬೇರೆ ಕಾಯಿಲೆಗಳು

ಹೊಕ್ಕುಳು ಬಾವು: ಹೊಕ್ಕುಳು ಊದಿ, ಬಿಸಿಯಾಗಿ, ಮುಟ್ಟಿದರೆ ಕರು ನೋವಿನಿಂದ ಒದೆಯುತ್ತೆ. ಬಿಟ್ಟರೆ ಕೀವು ರಕ್ತಕ್ಕೆ ಸೇರಿ ಮಂಡಿ, ಕೀಲುಗಳು ಊದಿ ಕರು ಕುಂಟುತ್ತೆ. ಇದಕ್ಕೆ ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಇಂಜೆಕ್ಷನ್ ಕೊಡಿಸಬೇಕು.

ನ್ಯುಮೋನಿಯಾ: ಕೆಮ್ಮು, ಮೂಗಿನಲ್ಲಿ ಸಿಂಬಳ, ಪಕ್ಕೆ ಬಡಿದುಕೊಂಡು ಉಸಿರಾಟ, ಜ್ವರ. ಮಳೆಗಾಲದಲ್ಲಿ ಒದ್ದೆ ನೆಲ, ಗಂಜಲದ ಘಾಟು ತುಂಬಿದ ಕೊಟ್ಟಿಗೆಯಲ್ಲಿ ಬೇಗ ಬರುತ್ತೆ.

ಜಂತುಹುಳು: ಮೊದಲ ಔಷಧಿಯನ್ನ 10ರಿಂದ 14 ದಿನದೊಳಗೆ ಹಾಕಿಸೋದು ರೂಢಿ. ಅಳತೆ ಕರುವಿನ ತೂಕದ ಮೇಲೆ ಹೋಗುತ್ತೆ, ಅಂದಾಜಿಗೆ ಹಾಕಬೇಡಿ.

ಮನೆಯವರೂ ಹುಷಾರು

ಸಾಲ್ಮೊನೆಲ್ಲಾ, ಕ್ರಿಪ್ಟೊಸ್ಪೊರಿಡಿಯಂ ಮನುಷ್ಯರಿಗೂ ಹರಡುತ್ತೆ. ಭೇದಿ ಇರೋ ಕರುವನ್ನ ಬೇರೆ ಕಟ್ಟಿ. ಚೆನ್ನಾಗಿರೋ ಕರುಗಳ ಕೆಲಸ ಮುಗಿಸಿ ಕೊನೆಗೆ ಇದರ ಹತ್ರ ಹೋಗಿ. ಅದರ ಬಾಟಲಿ ಬೇರೆಯೇ ಇರಲಿ. ಕೈಯನ್ನ ಸೋಪು ಹಾಕಿ ತೊಳೆಯಿರಿ. ಸಣ್ಣ ಮಕ್ಕಳು ಕಾಯಿಲೆ ಕರುವನ್ನ ಮುದ್ದು ಮಾಡೋದು ಬೇಡ.

ತಡ ಮಾಡದೆ ಡಾಕ್ಟರನ್ನ ಕರೆಸಬೇಕಾದ್ದು ಯಾವಾಗ?

- ಕರು ಚೀಪೋದು ಬಿಟ್ಟರೆ, ಎದ್ದು ನಿಲ್ಲದಿದ್ರೆ
- ಕಣ್ಣು ಗುಳಿ ಬಿದ್ದು, ಕಿವಿ, ಕಾಲು ತಣ್ಣಗಾದ್ರೆ
- ಭೇದಿಯಲ್ಲಿ ರಕ್ತ ಕಂಡರೆ
- ಜ್ವರ 104 ದಾಟಿದ್ರೆ, ಇಲ್ಲಾ ಮೈ ಬಿಸಿ 100ಕ್ಕಿಂತ ಇಳಿದ್ರೆ
- ಹುಟ್ಟಿ ನಾಲ್ಕು ದಿನದೊಳಗಿನ ಕರುವಿಗೆ ಯಾವುದೇ ಭೇದಿ ಬಂದ್ರೆ
- ಒಂದು ದಿನ ಲವಣದ ನೀರು ಕೊಟ್ಟರೂ ಗೆಲುವು ಕಾಣದಿದ್ರೆ

ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಹೋಗೋಕೆ ಆಗದಿದ್ರೆ ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ನಂಬರಿಗೆ ಫೋನ್ ಮಾಡಬಹುದು. ಫೋನ್ ಮಾಡೋವಾಗ ಈ ಐದು ವಿಷಯ ಕೈಯಲ್ಲಿರಲಿ: ಕರುವಿಗೆ ಎಷ್ಟು ದಿನ, ಗಿಣ್ಣದ ಹಾಲು ಯಾವಾಗ ಎಷ್ಟು ಕುಡೀತು, ಭೇದಿ ಯಾವಾಗ ಶುರುವಾಯ್ತು ಮತ್ತು ಯಾವ ಬಣ್ಣ, ಮೈ ಬಿಸಿ ಎಷ್ಟು, ಇಲ್ಲಿವರೆಗೆ ಏನೇನು ಕೊಟ್ಟಿದ್ದೀರಿ. ಇಷ್ಟು ಸರಿಯಾಗಿ ಹೇಳಿದ್ರೆ ಡಾಕ್ಟರಿಗೆ ಚಿಕಿತ್ಸೆ ಶುರು ಮಾಡೋದು ಸುಲಭ ಆಗುತ್ತೆ.